ಬಾಗಿಲ ಪಕ್ಕದ ಸಸಿ

ಸಸಿ ಬೆಳೆಸುವ ಪಾಲಿಹೌಸಿನ ಬಾಗಿಲು ಸರಿಸಿದ ಸೊಸೆ ನಿಂತಲ್ಲೇ ಕಲ್ಲಾದಳು. ಹನ್ನೆರಡು ಮಡಿಗಳಲ್ಲಿದ್ದ ಆರು ಸಾವಿರ ಮೆಣಸಿನ ಸಸಿಗಳು ಬೇಯಿಸಿದ ಸೊಪ್ಪಿನ ಹಾಗೆ ಮಲಗಿಬಿಟ್ಟಿದ್ದವು! ನಾಳೆ ಬೆಳಗ್ಗೆ ಸಸಿ ಬೇಕೆಂದಿದ್ದ ರೈತ ಬಂದು ಅಷ್ಟನ್ನೂ ಒಯ್ಯಬೇಕಿತ್ತು. ಅವನ ಹೊಲ ಹದವಾಗಿ ಕಾಯುತ್ತಿತ್ತು.

ಕೈಯಲ್ಲಿದ್ದ ಫೋನ್ ಬೇರೆಯೇ ಕಥೆ ಹೇಳುತ್ತಿತ್ತು: ಮಣ್ಣಿನ ತೇವ ಭೇಷಾಗಿದೆ, ಐದು ದಿನದಿಂದ ಪಂಪು ಓಡುವ ಅಗತ್ಯವೇ ಬಿದ್ದಿಲ್ಲ. ಮಣ್ಣಿಗೊಂದು ಸೆನ್ಸರ್ ಕಡ್ಡಿ ಚುಚ್ಚಿ, ಒಣಗಿದರೆ ಪಂಪು ತಾನೇ ಶುರುವಾಗಿ ಸಾಕಾದಾಗ ತಾನೇ ನಿಲ್ಲುವಂತೆ ಮಾಡಿದ್ದವಳು ಅವಳೇ. ‘ನೀರು ಉಳಿಸೋದು ಅಂದ್ರೆ ಇದು’ ಎಂದು ಗಂಡನ ಕಿವಿ ತೂತು ಮಾಡಿದ್ದಳು.

ಒಂದೊಂದೇ ಮಡಿಗೆ ಬೆರಳು ಹಾಕಿದಳು. ಎಲ್ಲೂ ಪಸೆಯಿಲ್ಲ. ಬಾಗಿಲ ಪಕ್ಕದಲ್ಲಿ, ಸೆನ್ಸರಿನ ಮಗ್ಗುಲಲ್ಲೇ ಇದ್ದ ಒಂದು ಸಸಿ ಮಾತ್ರ ಮದುವೆ ಗಂಡಿನ ಹಾಗೆ ನೆಟ್ಟಗೆ ನಿಂತಿತ್ತು.

ಅಷ್ಟರಲ್ಲಿ ಮಾವ ಬಂದು, ಹೊರಗಿನಿಂದಲೇ ಕೈ ಚಾಚಿ ಆ ಸಸಿಯ ಬುಡಕ್ಕೆ ತಂಬಿಗೆ ಬಗ್ಗಿಸಿದರು.

“ಮಾವಾ! ಏನ್ ಮಾಡ್ತಿದೀರಾ?”

“ಬಡಪಾಯಿಗೆ ನೀರಮ್ಮ. ಬೇರಿಗೇ ಕಬ್ಬಿಣ ಚುಚ್ಚಿದೀಯ, ಕರುಳು ಚುರ್ ಅಂತು. ಐದು ದಿನದಿಂದ ದಿನಾ ಒಂದ್ ತಂಬಿಗೆ ಹಾಕ್ತಿದೀನಿ. ಮಿಕ್ಕಿದ್ದಕ್ಕೆಲ್ಲಾ ನಿನ್ ಮಷೀನ್ ಇದ್ಯಲ್ಲ!”

ಅವಳು ತಂಬಿಗೆ ಕಿತ್ತುಕೊಂಡಳು. “ಅಲ್ಲಿ ಒದ್ದೆಯಿದ್ರೆ ಎಲ್ಲಾ ಕಡೆ ಒದ್ದೆ ಅಂದ್ಕೊಳತ್ತೆ ಅದು! ಪಂಪು ಓಡೋದೇ ಇಲ್ಲ ಮಾವ! ಎಲ್ಲಾ ಬಾಡೋಗಿದೆ, ಕಾಣ್ಲಿಲ್ವಾ?”

“ಪೊರೆ ಬಂದಿರೋ ಕಣ್ಣು ಕಣೆ. ಬಾಗಿಲಿಂದೊಳಗೆ ನಂಗೆ ಬರೀ ಮಂಜು.” ಅವರು ಹತ್ತಿರದ ಮಡಿಗೆ ಬಗ್ಗಿ, ಬಾಡಿದ ಎಲೆ ಸವರಿದರು. “ನೀನು... ನೀನಾದ್ರೂ ಐದು ದಿನ ಒಳಗೆ ಬರ್ಲಿಲ್ವಾ?”

ಬಂದಿರಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಫೋನ್ ನೋಡಿದ್ದಳು, ಒಂದು ಸಲವೂ ಒಳಗೆ ಕಾಲಿಟ್ಟಿರಲಿಲ್ಲ.

ಓಡಿಹೋಗಿ ಕೈಯಿಂದಲೇ ಪಂಪು ಹಾಕಿದಳು. ಒಣಮಣ್ಣು ಗುಟುಗುಟು ಕುಡಿಯಿತು. ಒಂದು ಗಂಟೆ ಕಾದರೂ ಅರ್ಧಕ್ಕರ್ಧ ಸಸಿ ತಲೆಯೆತ್ತಲಿಲ್ಲ. ಕೊನೆಗೆ ರೈತನಿಗೆ ಫೋನ್ ಮಾಡಿದಳು.

“ಅಣ್ಣಾ, ಸಸಿ ಬಾಡೋಗಿದೆ. ನಾಳೆಗೆ ಆಗಲ್ಲ.”

ಆ ಕಡೆಯಿಂದ ಅವನು ಕೇಳಿದ: “ನೀವು ಹೇಳ್ತಿದ್ದ ಸೆನ್ಸರ್ ಕೈಕೊಡ್ತಾ?”

ಮಾವ ತಲೆ ತಗ್ಗಿಸಿ ನಿಂತಿದ್ದರು. ತಪ್ಪು ಅವರ ಮೇಲೆ ಹಾಕಿ ಪಾರಾಗಬಹುದಿತ್ತು.

“ಇಲ್ಲಣ್ಣ. ಅದು ಸರಿಯಾಗೇ ಹೇಳ್ತು. ಆರು ಸಾವಿರ ಸಸಿ ಇತ್ತು, ನಾನು ಒಂದನ್ನೇ ಕೇಳ್ದೆ.”

“ಅಯ್ಯೋ ದೇವ್ರೇ,” ಎಂದ ಅವನು. ಆಮೇಲೆ, “ಇಡ್ರಿ ಫೋನು. ಈಗ್ಲೇ ಬರ್ತೀನಿ. ಎಷ್ಟು ಬದುಕಿದೆಯೋ ನೋಡೋಣ, ಅಷ್ಟನ್ನಾದ್ರೂ ನೆಡ್ತೀನಿ.”