ಜ್ವರದ ಗುಂಡಿ

ಮಾಲೂರಿನಲ್ಲಿ ಬೆಳಗಿನ ರೈಲು ಹತ್ತಿದರೆ ವೆಂಕಟನ ಬಾಯಿ ಸುಮ್ಮನಿರುತ್ತಿರಲಿಲ್ಲ. ಎದುರಿಗೆ ಕದಿರೇಶ್ ಕೂತಿದ್ದರಂತೂ ಕೇಳುವುದೇ ಬೇಡ. ಇಬ್ಬರೂ ವೈಟ್‌ಫೀಲ್ಡಿನಲ್ಲಿ ಪ್ರೋಗ್ರಾಂ ಬರೆಯುವವರು. ಕಂಪನಿ ಬೇರೆ, ಜಗಳ ಒಂದೇ: ಪ್ರೋಗ್ರಾಂ ಬರೆಯಲು ಯಾವ ಭಾಷೆ ಮೇಲು.

"ಪೈಥಾನ್ ಅನ್ನೋದು ಎಲ್ಲಾದಕ್ಕೂ ಹೂಂ ಅನ್ನೋ ನೆಂಟ ಕಣೋ. ಸಮಯಕ್ಕೆ ಕೈ ಕೊಡ್ತಾನೆ. ನಿನ್ನ ಜಾವಾ ತಾಲ್ಲೂಕು ಕಚೇರಿ ಥರ, ಒಂದು ಕೆಲಸಕ್ಕೆ ಮೂರು ಅರ್ಜಿ. ರಸ್ಟ್ ನೋಡು, ತಪ್ಪಿದ್ರೆ ಓಡೋಕೇ ಬಿಡಲ್ಲ," ಎಂದ ವೆಂಕಟ.

"ನನ್ನ ಜಾವಾ ಹದಿನಾಲ್ಕು ವರ್ಷದಿಂದ ಅನ್ನ ಹಾಕ್ತಿದೆ ಕಣ್ಲಾ. ನೀನು ವರ್ಷಕ್ಕೊಂದು ಭಾಷೆ, ತಿಂಗಳಿಗೊಂದು ಎಡಿಟರ್. ಮೌಸ್ ಮುಟ್ಟಿದ್ರೆ ಸ್ನಾನ ಮಾಡ್ಕೊಂಡು ಬರ್ತೀಯೇನೋ."

ವೆಂಕಟ ನಗಲಿಲ್ಲ. ಹೋದ ಭಾನುವಾರ ಸುಗಟೂರಿಗೆ ಹೋಗಿ ಬಂದದ್ದನ್ನು ಹೇಳತೊಡಗಿದ. ಅಲ್ಲಿ ಅವನ ಚಿಕ್ಕಮ್ಮ ಅನಸೂಯಮ್ಮನ ಚಾಕಿ ಮನೆ ಇತ್ತು. ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಎರಡನೇ ಜ್ವರ ದಾಟುವವರೆಗೆ ಸಾಕಿ ರೈತರಿಗೆ ಕೊಡುವ ಮನೆ. ಹುಳು ಪೊರೆ ಬಿಡಲು ಮೇವು ನಿಲ್ಲಿಸಿ, ತಲೆಯೆತ್ತಿ ಅಲ್ಲಾಡದೆ ಕೂರುವುದಕ್ಕೇ ಅಲ್ಲಿ ಜ್ವರ ಎನ್ನುವುದು. ಅದಕ್ಕೆ ಮುಂಚೆ ಕೋಣೆಯಲ್ಲಿ ಮಂಜಿನಂಥ ನೀರು ಚಿಮ್ಮುತ್ತಿರಬೇಕು. ಜ್ವರಕ್ಕೆ ಕೂತ ಮೇಲೆ ಒಣಗಿರಬೇಕು. ನೀರು ಚಿಮ್ಮಿಸುವ ಪ್ರೋಗ್ರಾಂ ವೆಂಕಟನದೇ. ಪೈಥಾನಿನಲ್ಲಿ ಎರಡು ವರ್ಷ ತಕರಾರಿಲ್ಲದೆ ನಡೆದಿದ್ದನ್ನು ಕಿತ್ತು, ರಸ್ಟಿನಲ್ಲಿ ಹೊಸದಾಗಿ ಬರೆದು ಹಾಕಿ ಬಂದಿದ್ದ.

"ಹಳೇದ್ರಲ್ಲಿ ಜ್ವರ ಅಂತ ಒಂದು ಗುಂಡಿ ಇತ್ತು. ಅಲ್ಲಿ ಹುಳು ನೋಡ್ಕೊಳ್ಳೋ ಆಂಜಿನಮ್ಮ ಒತ್ತಿದ್ರೆ ನೀರು ನಿಲ್ತಿತ್ತು. ತೆಗೆದುಹಾಕ್ದೆ. ಈಗ ಗಂಟೆ ಲೆಕ್ಕ ಹಾಕಿ ಅದೇ ನಿಲ್ಸುತ್ತೆ. ಇವತ್ತು ಸಂಜೆ ನಾಲ್ಕಕ್ಕೆ."

"ಗುಂಡಿ ಏನ್ ಮಾಡಿತ್ತೋ ನಿಂಗೆ?"

"ಜನ ತಪ್ಪು ಒತ್ತುತಾರೆ."

"ಆಯಮ್ಮ ಯಾವತ್ತಾದ್ರೂ ತಪ್ಪು ಒತ್ತಿದ್ದಾಳಾ?"

ವೆಂಕಟ ಫೋನ್ ತೆಗೆದು ಚಾಕಿ ಮನೆಯ ಅಂಕಿಗಳನ್ನು ನೋಡಿದ. ಗಾಳಿಯ ತೇವ ತೊಂಬತ್ತೊಂಬತ್ತು. ಎಂಬತ್ತೈದು ಇರಬೇಕಿತ್ತು. ಬೆಳಗಿನ ಆರರಿಂದಲೂ ತೊಂಬತ್ತೊಂಬತ್ತೇ. ನೀರು ನಿಂತಿದೆ ಎಂದು ಪರದೆ ಹೇಳುತ್ತಿತ್ತು, ಅವನು ನಂಬಲಿಲ್ಲ. ನಿಂತಿದ್ದರೆ ತೇವ ಇಳಿಯಬೇಕಲ್ಲ? ಸುರಿಯುತ್ತಲೇ ಇದ್ದರೆ ಜ್ವರಕ್ಕೆ ಕೂತ ಹುಳು ಕೊಳೆತುಹೋಗುತ್ತದೆ. ಶುಕ್ರವಾರ ಹುಳು ಒಯ್ಯಲು ಹನ್ನೊಂದು ಮನೆಯವರು ಬರುವವರಿದ್ದರು.

ಚಿಕ್ಕಮ್ಮನಿಗೆ ಫೋನ್ ಮಾಡಿದ. ಎತ್ತಲಿಲ್ಲ. ಎತ್ತುವುದೂ ಇಲ್ಲ, ಹುಳುವಿನ ಕೋಣೆಗೆ ಫೋನ್ ಒಯ್ಯಬಾರದೆಂದು ಕಿಟಕಿಯ ಮೇಲಿಟ್ಟು ಹೋಗುತ್ತಿದ್ದರು. ಮತ್ತೆ ಮಾಡಿದ. ಎದ್ದು ನಿಂತ, ಕೂತ, ಮತ್ತೆ ಎದ್ದ.

"ಇಳಿದುಬಿಡು," ಎಂದ ಕದಿರೇಶ್. ದೇವನಗೊಂದಿಯಲ್ಲಿ ರೈಲು ನಿಂತಾಗ ತನ್ನ ಊಟದ ಡಬ್ಬಿಯನ್ನು ಅವನ ಚೀಲಕ್ಕೆ ತುರುಕಿದ. "ತಗೊಂಡ್ಹೋಗು. ನಾನು ಕ್ಯಾಂಟೀನಲ್ಲಿ ತಿಂತೀನಿ."

ಎದುರು ರೈಲು ಹಿಡಿದು ಮಾಲೂರು, ಅಲ್ಲಿಂದ ಬಸ್ಸಿನಲ್ಲಿ ಕೋಲಾರ, ಕೋಲಾರದಲ್ಲಿ ಮತ್ತೊಂದು ಬಸ್ಸು. ದಾರಿಯುದ್ದಕ್ಕೂ ತನ್ನ ಪ್ರೋಗ್ರಾಮನ್ನು ಮನಸ್ಸಿನಲ್ಲೇ ಸಾಲು ಸಾಲಾಗಿ ಓದಿದ. ತಪ್ಪು ಸಿಗಲಿಲ್ಲ. ಸಿಗದಿದ್ದಷ್ಟೂ ಕಾಲು ನಿಲ್ಲದೆ ಅಲುಗುತ್ತಿತ್ತು. ಪಕ್ಕದ ಹೆಂಗಸು ಟೊಮೆಟೊ ಕ್ರೇಟನ್ನು ಅತ್ತ ಸರಿಸಿ ಅವನ ಕಾಲಿಗೆ ಜಾಗ ಮಾಡಿಕೊಟ್ಟಳು.

ಸುಗಟೂರು ಮುಟ್ಟಿದಾಗ ಹನ್ನೆರಡೂವರೆ. ಅನಸೂಯಮ್ಮ ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪಿನ ಮೂಟೆ ಬಿಚ್ಚುತ್ತಿದ್ದರು.

"ಏನ್ ವೆಂಕಟ, ಕೆಲಸದ ದಿನ?"

"ಸುಮ್ನೆ ಚಿಕ್ಕಮ್ಮ. ನೋಡ್ಕೊಂಡು ಹೋಗೋಣ ಅಂತ."

ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ತೊಳೆದು ಒಳಗೆ ಹೋದ. ಕೋಣೆ ಒಣಗಿತ್ತು. ತಟ್ಟೆಗಳ ಮೇಲೆ ತೇವ ಹೀರಲು ತೆಳ್ಳಗೆ ಉದುರಿಸಿದ ಸುಣ್ಣದ ಪುಡಿ. ಅದರಡಿ ಸಾವಿರಾರು ಹುಳು ತಲೆಯೆತ್ತಿ ಅಲುಗಾಡದೆ ಕೂತಿದ್ದವು. ಗೋಡೆಯಲ್ಲಿ ತೇವ ಅಳೆಯುವ ಸೆನ್ಸರಿಗೆ ಒಂದು ಒದ್ದೆ ಬಟ್ಟೆ ಸುತ್ತಿತ್ತು. ಪಕ್ಕದಲ್ಲಿ ಚೊಂಬು ಹಿಡಿದು ಆಂಜಿನಮ್ಮ ನಿಂತಿದ್ದಳು.

"ಬೆಳಿಗ್ಗೆನೇ ಕೂತ್ಬಿಟ್ಟವು ನಾಯನಾ. ಎರಡು ದಿನದಿಂದ ಸೆಕೆ ಜಾಸ್ತಿ ಅಲ್ವಾ. ಗುಂಡಿ ಹುಡುಕ್ದೆ, ಕಾಣಲಿಲ್ಲ. ಇದಕ್ಕೆ ತೇವ ಆದ್ರೆ ನೀರು ನಿಲ್ಸುತ್ತೆ ಅಂತ ನೀವೇ ಹೇಳಿದ್ರಲ್ಲ. ಬಟ್ಟೆ ಕಟ್ದೆ."

"ಚಿಕ್ಕಮ್ಮಂಗೆ ಹೇಳಿದ್ರಾ?"

"ಯಾಕೆ ಹೇಳ್ಲಿ? ಹೊಸದು ಹಾಕಿ ಮೂರು ದಿನ ಆಗಿಲ್ಲ. ಆಯಮ್ಮ ನಿಮ್ಮನ್ನ ಬಯ್ಯಲ್ವಾ?" ಚೊಂಬಿನ ನೀರಿನಲ್ಲಿ ಬೆರಳದ್ದಿ ಬಟ್ಟೆಗೆ ಹಚ್ಚಿದಳು. "ಗಂಟೆಗೊಂದ್ ಸಲ ಒಣಗೋಗುತ್ತೆ, ಅದೊಂದೇ ಕಷ್ಟ."

ಬೆಳಗಿನಿಂದ ಅವಳು ಮನೆಗೆ ಹೋಗಿರಲಿಲ್ಲ, ಊಟ ಮಾಡಿರಲಿಲ್ಲ. ಇದು ವೆಂಕಟನಿಗೆ ತಡವಾಗಿ ಹೊಳೆಯಿತು. ಅವಳ ಕೈಯ ಚೊಂಬು ಇಸಿದುಕೊಂಡು, ಹೊರಗಿಟ್ಟಿದ್ದ ಡಬ್ಬಿ ತೋರಿಸಿದ. "ನನ್ನ ಸ್ನೇಹಿತನದು. ಹೋಗಿ ತಿನ್ನಿ. ಬಟ್ಟೆ ನಾನು ನೋಡ್ಕೋತೀನಿ."

ಬಟ್ಟೆ ನೆನೆಸಿ ಹೊರಗೆ ಬರುವುದು, ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಗುಂಡಿಯನ್ನು ಮತ್ತೆ ಬರೆಯುವುದು, ಮತ್ತೆ ಕೈಕಾಲು ತೊಳೆದು ಒಳಗೆ ಓಡುವುದು. ರಸ್ಟ್ ಮೂರು ಸಲ ತಪ್ಪು ಹಿಡಿಯಿತು. ಗುಂಡಿ ಇಲ್ಲವೆಂದು ಮಾತ್ರ ಅದು ಒಮ್ಮೆಯೂ ಹೇಳಿರಲಿಲ್ಲ. ಪೈಥಾನೂ ಹೇಳುತ್ತಿರಲಿಲ್ಲ, ಜಾವಾನೂ ಹೇಳುತ್ತಿರಲಿಲ್ಲ.

"ಗುಂಡಿ ಎಷ್ಟು ದೊಡ್ಡದಿರ್ಲಿ?" ಎಂದು ಕೇಳಿದ.

ಆಂಜಿನಮ್ಮ ಅನ್ನ ನುಂಗಿ ಮೊಣಕೈ ತೋರಿಸಿದಳು. "ಕೈಯೆಲ್ಲಾ ಸುಣ್ಣ ಇರುತ್ತೆ. ನಾನು ಒತ್ತೋದು ಇದ್ರಲ್ಲಿ."

ನಾಲ್ಕಕ್ಕೆ ಮೊದಲೇ ಬಾಗಿಲ ಪಕ್ಕದ ಟ್ಯಾಬಿನಲ್ಲಿ ಅರ್ಧ ಪರದೆಯಷ್ಟು ಗುಂಡಿ ಮೂಡಿತು. ಅವಳು ಮೊಣಕೈಯಿಂದ ಒತ್ತಿ, ಬಟ್ಟೆ ಬಿಚ್ಚಿ, ಮನೆಗೆ ಹೋದಳು. ವೆಂಕಟ ಆಫೀಸಿಗೆ ಮತ್ತೊಂದು ದಿನ ರಜೆ ಹೇಳಿ ಅಲ್ಲೇ ಉಳಿದ.

ಬೆಳಿಗ್ಗೆ ಹುಳು ಪೊರೆ ಬಿಟ್ಟು ಜ್ವರದಿಂದ ಏಳತೊಡಗಿದವು. ಕೊಳೆತದ್ದು ಒಂದೂ ಇರಲಿಲ್ಲ. ವೆಂಕಟನಿಗೆ ತಡೆಯಲಾಗಲಿಲ್ಲ, ಹೆಚ್ಚಿದ ಎಳೆಸೊಪ್ಪನ್ನು ಮುಷ್ಟಿ ತುಂಬ ತೆಗೆದುಕೊಂಡು ತಟ್ಟೆಯ ಮೇಲೆ ಕೈ ಚಾಚಿದ.

ಆಂಜಿನಮ್ಮ ಅವನ ಮಣಿಕಟ್ಟು ಹಿಡಿದಳು. "ತಡೀರಿ ನಾಯನಾ. ಮೂಲೇಲಿ ಇನ್ನೂ ಒಂದಷ್ಟು ಮಲಗಿವೆ. ಈಗ ಹಾಕಿದ್ರೆ ಹಿಂದಿನವು ಹಿಂದೇನೇ ಉಳಿದ್ಬಿಡ್ತವೆ."

"ಎಷ್ಟೊತ್ತು?"

"ಅವು ಎದ್ದಾಗ."

ಅವನು ಸೊಪ್ಪು ಹಿಡಿದುಕೊಂಡೇ ಅವಳ ಪಕ್ಕ ಮುಕ್ಕಾಲಿಯ ಮೇಲೆ ಕೂತ. ಕಾಲು ಅಲುಗುತ್ತಲೇ ಇತ್ತು.