ಎಂಟು ಗುಂಡಿಗಳ ವರದಿ

ಊರಿನ ವಿದ್ಯುತ್ ಗುತ್ತಿಗೆದಾರರೆಲ್ಲ ಅವಳನ್ನು ಕಾಗದದಕ್ಕ ಅಂತಲೇ ಕರೆಯುತ್ತಿದ್ದರು. ಕಂಬ ಹತ್ತುವುದರಲ್ಲಿ ಹುಲಿಗಳಂತಿದ್ದ ಗಂಡಸರು ಸರ್ಕಾರಿ ಟೆಂಡರಿನ ಅರ್ಜಿ ಕಂಡರೆ ಬೆವರುತ್ತಿದ್ದರು. ಯಾವ ಪತ್ರಕ್ಕೆ ಯಾರ ಸಹಿ, ಯಾರ ಲೈಸೆನ್ಸ್ ಯಾವಾಗ ಮುಗಿಯುತ್ತದೆ, ಯಾವ ನಿಯಮ ಬದಲಾಗಿದೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಬಸ್ ನಿಲ್ದಾಣದ ಹಿಂದೆ, ಜೆರಾಕ್ಸ್ ಅಂಗಡಿಯ ಮೇಲಿನ ಒಂದೇ ಕೋಣೆ ಅವಳ ಆಫೀಸು. ಅವಳು ಕಟ್ಟಿಕೊಟ್ಟ ಫೈಲು ಯಾವತ್ತಾದರೂ ವಾಪಸ್ ಬಂದದ್ದು ಯಾರಿಗೂ ನೆನಪಿಲ್ಲ.

ಈ ದಾರಿ ತೋರಿಸಿದವನು ಸೋದರಮಾವ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ತನ್ನ ಗೋದಾಮಿನ ಮೂಲೆಯಲ್ಲಿ ಕಂಪ್ಯೂಟರ್ ಮುಂದೆ ಕೂರಿಸಿ, "ನನಗೆ ಕೈ ಕೆಲಸ ಗೊತ್ತು, ನೀನು ಕಾಗದದ ಕೆಲಸ ಕಲಿ," ಅಂದವನು. ಈಗ ಅವನ ಕಣ್ಣು ಹೊಸ ಹೆರಿಗೆ ಆಸ್ಪತ್ರೆಯ ವೈರಿಂಗ್ ಟೆಂಡರಿನ ಮೇಲೆ. ಹಿಂದೆ ಮಾಡಿದ ಸರ್ಕಾರಿ ಕೆಲಸ ತೃಪ್ತಿಕರವಾಗಿದೆ ಅಂತ ಒಂದು ಪತ್ರ ಬೇಕಿತ್ತು. ಹೋದ ವರ್ಷ ಅವನು ವೈರಿಂಗ್ ಮಾಡಿದ ಶಾಲೆಗೆ ಅದನ್ನು ತರಲು ಅವಳೇ ಹೋದಳು.

ಹೆಡ್ಮೇಡಂ ಪಾಠದಲ್ಲಿದ್ದರು. ವರಾಂಡದಲ್ಲಿ ಕಾಯುವಾಗ ಕುಡಿಯುವ ನೀರಿನ ಕೂಲರ್ ಕಣ್ಣಿಗೆ ಬಿತ್ತು. ಅದರ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ್ದರು: ‘ಚಪ್ಪಲಿ ಹಾಕಿಕೊಂಡೇ ನೀರು ಹಿಡಿಯಿರಿ.’

"ಇದ್ಯಾಕಮ್ಮ ಹೀಗೆ?" ಅಂತ ಗುಡಿಸುತ್ತಿದ್ದ ಆಯಾಳನ್ನು ಕೇಳಿದಳು.

"ಬರಿಗಾಲಲ್ಲಿ ಮುಟ್ಟಿದ್ರೆ ಜುಂ ಅನ್ನುತ್ತೆ ಕಣಮ್ಮ. ಒಂದನೇ ಕ್ಲಾಸಿನ ಪುಟ್ಟಿಯೊಂದು ಕಿಟಾರನೆ ಕಿರುಚಿ ಬಿದ್ದುಬಿಡ್ತು. ಆವತ್ತಿಂದ ಚೀಟಿ ಅಂಟಿಸಿದ್ದಾರೆ."

ಕಾಗದದಕ್ಕ ಚೀಟಿಯನ್ನು ಮತ್ತೊಮ್ಮೆ ಓದಿದಳು. ಸೋರಿದ ಕರೆಂಟು ಮಕ್ಕಳ ಮೈಗೆ ಹರಿಯದೆ ನೆಲಕ್ಕೆ ಇಳಿದುಹೋಗಲಿ ಅಂತ ತಾನೇ ಅರ್ತಿಂಗ್ ಗುಂಡಿಗಳಿರುವುದು? ಈ ಶಾಲೆಗೆ ಅಂಥವು ಎಂಟಿವೆ ಅಂತ ವರದಿ ಟೈಪ್ ಮಾಡಿದವಳು ಅವಳೇ. ಮೊದಲು ಆಯಾಳಿಂದ ಕೂಲರಿನ ಸ್ವಿಚ್ ಆರಿಸಿ, ಪ್ಲಗ್ ಕೀಳಿಸಿದಳು. ಆಮೇಲೆ ಇಬ್ಬರೂ ಹಿತ್ತಲಿಗೆ ಹೋಗಿ, ಹಾರೆ ಕೊಟ್ಟು ಮೊದಲನೇ ಗುಂಡಿಯ ಸಿಮೆಂಟ್ ಮುಚ್ಚಳ ಎಬ್ಬಿಸಿದರು. ಒಳಗೆ ಪೈಪಿನ ತುದಿ ಕಾಣುತ್ತಿತ್ತು, ತಂತಿಯ ಸುಳಿವೇ ಇರಲಿಲ್ಲ. ಹಿಡಿದು ಎಳೆದಳು. ಆಳುದ್ದಕ್ಕೂ ಮೀರಿ ನೆಲದೊಳಗೆ ಇರಬೇಕಾದ ಪೈಪು ಮೂಲಂಗಿಯ ಹಾಗೆ ಕಿತ್ತು ಕೈಗೆ ಬಂತು. ಉದ್ದ ಒಂದು ಮೊಳ. ಎರಡನೇ ಗುಂಡಿಯಲ್ಲೂ ಅದೇ. ಮೂರನೆಯದರಲ್ಲಿ ಅದೂ ಇರಲಿಲ್ಲ.

"ಇದೇನಮ್ಮ, ಬರೀ ಮುಚ್ಚಳ?" ಅಂದಳು ಆಯಾ.

ಕಾಗದದಕ್ಕನಿಗೆ ವರದಿ ಟೈಪ್ ಮಾಡಿದ ದಿನ ನೆನಪಾಯಿತು. ಒಂದೊಂದು ಗುಂಡಿ ಕರೆಂಟನ್ನು ಎಷ್ಟು ಸಲೀಸಾಗಿ ನೆಲಕ್ಕೆ ಬಿಡುತ್ತದೆ ಅಂತ ಮೀಟರ್ ಇಟ್ಟು ನೋಡಬೇಕಾದ ಅಳತೆಯನ್ನು ಮಾವ ಫೋನಿನಲ್ಲೇ ಹೇಳಿದ್ದ. ಎಂಟೂ ಒಂದೇ ಅಂಕಿ. "ಎಲ್ಲಾ ಒಂದೇ ಥರ ಇದ್ರೆ ಅನುಮಾನ ಬರುತ್ತೆ ಮಾವ," ಅಂದಿದ್ದಳು. ಉಸಿರೂ ಎಳೆದುಕೊಳ್ಳದೆ ಅವನು ಬೇರೆ ಎಂಟು ಅಂಕಿ ಹೇಳಿದ್ದ. ಇವಳು ತುಟಿಪಿಟಕ್ಕೆನ್ನದೆ ಟೈಪ್ ಮಾಡಿದ್ದಳು. ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಗೋದಾಮಿಗೆ ಹೋದವಳೇ ಪೈಪನ್ನು ಮಾವನ ಮೇಜಿನ ಮೇಲೆ ಕುಕ್ಕಿದಳು. ಚಹಾದ ಲೋಟ ಉರುಳಿತು.

"ಇದು ಏನು ಮಾವ?"

ಅವನು ಅದನ್ನೊಮ್ಮೆ ನೋಡಿ, ನಕ್ಕ. "ಮಳೆಗಾಲ ಮುಗೀಲಿ, ಸರಿಯಾಗಿ ಹಾಕಿಸೋಣ ಅಂತಿದ್ದೆ. ಮರೆತೇಹೋಯ್ತು."

"ಮಗು ಬಿದ್ದಿದೆ ಅಲ್ಲಿ!"

"ಎದ್ದಿದೆ ತಾನೇ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ನಾಳೆ ಹೆರಿಗೆ ಆಸ್ಪತ್ರೆಗೂ ಹೀಗೇ ಮುಚ್ಚಳ ಹಾಕ್ತೀಯಾ? ಬಾಣಂತಿಯರು ಚಪ್ಪಲಿ ಹಾಕ್ಕೊಂಡು ಮಲಗಬೇಕಾ?"

"ನನ್ನ ಮೇಲ್ಯಾಕೆ ಎಗರಾಡ್ತೀಯೆ? ನೋಡಿ ಒಪ್ಪಬೇಕಾದ ವಿದ್ಯುತ್ ಪರಿವೀಕ್ಷಕರೇ ಶಾಲೆ ಕಡೆ ತಲೆ ಹಾಕಲಿಲ್ಲ. ‘ನಿಮ್ಮ ಸೋದರಸೊಸೆ ಫೈಲ್ ಮಾಡಿದ್ದಾಳೆ ಅಂದ್ರೆ ನೋಡೋದೇ ಬೇಡ’ ಅಂತ ಸಹಿ ಹಾಕಿದ್ರು. ಅಳತೆ ಬರೆದವಳು ನೀನು. ಮುಳುಗಿದ್ರೆ ಇಬ್ಬರೂ ಮುಳುಗ್ತೀವಿ, ನೆನಪಿರಲಿ."

"ಮುಳುಗೋಣ," ಅಂದು ಹೊರಬಿದ್ದಳು.

ಮನೆಗೆ ಬಂದು ಹೇಳಿದಾಗ ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. "ತವರು ಅಂತ ನನಗೆ ಉಳಿದಿರೋದು ಅವನೊಬ್ಬನೇ ಕಣೇ. ಮನೆಯೊಳಗೇ ಗದರಿಸಿ ಸರಿಮಾಡಿಸು. ಬೀದಿಗೆ ತರಬೇಡ."

"ಗದರಿಸಿ ಬಂದೆನಮ್ಮ. ನಗ್ತಾನೆ."

ಅಮ್ಮ ಸೊಪ್ಪಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಕಾಗದದಕ್ಕ ಪರಿವೀಕ್ಷಕರ ಕಚೇರಿಯಲ್ಲಿ ನಿಂತಿದ್ದಳು. ಪತ್ರ ಚಿಕ್ಕದು: ಶಾಲೆಯ ಅರ್ತಿಂಗ್ ವರದಿ ಸುಳ್ಳು, ಗುತ್ತಿಗೆದಾರ ಅಳತೆಯನ್ನೇ ಮಾಡದೆ ಕೊಟ್ಟ ಅಂಕಿಗಳನ್ನು ಟೈಪ್ ಮಾಡಿದವಳು ನಾನು. ಪರಿವೀಕ್ಷಕರು ಓದಿ ಕನ್ನಡಕ ತೆಗೆದರು.

"ಏನಮ್ಮಾ, ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಳ್ತಿದ್ದೀರಿ. ವಾಪಸ್ ತಗೊಳ್ಳಿ, ಸದ್ದಿಲ್ಲದೆ ಸರಿಮಾಡಿಸೋಣ."

"ಸದ್ದಿಲ್ಲದೆ ಸಹಿ ಹಾಕಿದ್ದಕ್ಕೇ ಸರ್ ಇದೆಲ್ಲ ಆಗಿದ್ದು. ಸ್ವೀಕೃತಿಯ ಸೀಲು ಹಾಕಿಕೊಡಿ."

ಅವರು ಅತ್ತ ಇತ್ತ ನೋಡಿದರು. ಅವಳು ಕದಲಲಿಲ್ಲ. ಊಟದ ಹೊತ್ತು ದಾಟಿದರೂ ಮೇಜಿನ ಮುಂದೆ ಗೂಟ ಹೊಡೆದಂತೆ ನಿಂತಳು. ಕೊನೆಗೆ ಗುಮಾಸ್ತೆಯೇ ಎದ್ದು ಬಂದು ಸೀಲು ಒತ್ತಿದಳು.

ಆ ವಾರವೇ ಶಾಲೆಯ ಎಂಟೂ ಗುಂಡಿಗಳನ್ನು ಅಗೆಸಿ ಹೊಸದಾಗಿ ಹಾಕಿಸಿದರು. ಮಾವನ ಲೈಸೆನ್ಸನ್ನು ಒಂದು ವರ್ಷ ತಡೆಹಿಡಿದರು, ಆಸ್ಪತ್ರೆಯ ಟೆಂಡರು ಕೈತಪ್ಪಿತು. ಅವಳಿಗೂ ನೋಟಿಸ್ ಬಂತು, ವಿಚಾರಣೆಯಲ್ಲಿ ತಲೆತಗ್ಗಿಸಿ ತಪ್ಪೊಪ್ಪಿಕೊಂಡಳು. ಪರಿವೀಕ್ಷಕರಿಗೆ ಮಾತ್ರ ಏನೂ ಆಗಲಿಲ್ಲ. ಪಕ್ಕದ ವಿಭಾಗಕ್ಕೆ ವರ್ಗವಾಗಿ ಇನ್ನೂ ದೊಡ್ಡ ಕುರ್ಚಿಯಲ್ಲಿ ಕೂತರು. ಅದನ್ನು ನೆನೆದಾಗಲೆಲ್ಲ ಅವಳು ಹಲ್ಲು ಕಡಿಯುತ್ತಾಳೆ. ಅವರ ವಿರುದ್ಧ ಮೇಲಿನವರಿಗೆ ಮೂರು ದೂರು ಬರೆದಾಗಿದೆ, ನಾಲ್ಕನೆಯದು ಬರೆಯುತ್ತಿದ್ದಾಳೆ.

ಅಮ್ಮ ತಿಂಗಳುಗಟ್ಟಲೆ ಅವಳ ಹತ್ತಿರ ಮುಖ ಕೊಟ್ಟು ಮಾತಾಡಲಿಲ್ಲ. ಗುತ್ತಿಗೆದಾರರಲ್ಲಿ ಅರ್ಧಕ್ಕರ್ಧ ಜನ ಬೇರೆಯವರ ಹತ್ತಿರ ಹೋದರು. ಉಳಿದವರು ಗೊಣಗುತ್ತಲೇ ಬರುತ್ತಾರೆ. ಮೊನ್ನೆ ಒಬ್ಬ ಹಳೇ ಗಿರಾಕಿ ಬಂದು, "ಅಕ್ಕಾ, ಅಳತೆ ಬರ್ಕೊಳ್ಳಿ, ಹೇಳ್ತೀನಿ," ಅಂತ ಕುರ್ಚಿ ಎಳೆದುಕೊಂಡ.

"ಕೂರಬೇಡ," ಅಂದಳು ಕಾಗದದಕ್ಕ, ಹೊಸದಾಗಿ ಕೊಂಡ, ಅರ್ತಿಂಗ್ ಅಳೆಯುವ ಮೀಟರನ್ನು ಹೆಗಲಿಗೆ ಹಾಕಿಕೊಳ್ಳುತ್ತಾ. "ನಡಿ, ಎಲ್ಲಿ ಹಾಕಿದ್ದೀಯೋ ತೋರಿಸು."