ದನಿ ಹೋದ ಮೇಲೆ ಶೈಲಾ

ಬೆಟಗೇರಿಯ ಚರ್ಚಿನಲ್ಲಿ ಹಾಡು ಎತ್ತಿಕೊಡುತ್ತಿದ್ದವಳು ಶೈಲಾ. ಅವಳು ಮೊದಲ ಸಾಲು ಹಾಡಿದ ಮೇಲೆ ಉಳಿದವರು ದನಿಗೂಡಿಸುತ್ತಿದ್ದರು. ದೇವರು ತನ್ನನ್ನು ಹುಟ್ಟಿಸಿದ್ದೇ ಇದಕ್ಕೆ ಎಂದು ಅವಳು ನಂಬಿದ್ದಳು. ಹೆಣ್ಣು ನೋಡಲು ಬಂದ ಲೋಹಿತನಿಗೂ ಮೊದಲು ಹೇಳಿದ್ದು ಅದನ್ನೇ.

"ಆಯ್ತಾರ ನಾ ಹಾಡಾಕ ಹೋಗಬೇಕು ನೋಡ್ರಿ. ಅದಕ್ಕ ಬ್ಯಾಡ ಅನ್ನಬಾರದು."

ಗದಗಿನಲ್ಲಿ ಆಟೋ ಓಡಿಸುವ ಲೋಹಿತ ನಕ್ಕು, "ನಾನ ಬಿಟ್ಟು ಬರ್ತೀನಿ ಬಿಡ್ರಿ" ಅಂದಿದ್ದ.

ಮೂವತ್ತಾರು ತುಂಬುವ ಹೊತ್ತಿಗೆ ಅವಳ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಅದು ಕ್ಯಾನ್ಸರ್, ದನಿಯ ನರಕ್ಕೇ ಅಂಟಿದೆ, ಜೀವ ಬೇಕಾದರೆ ದನಿಯ ಆಸೆ ಬಿಡಬೇಕಾದೀತು ಎಂದು ಹುಬ್ಬಳ್ಳಿಯ ವೈದ್ಯರು ಮೊದಲೇ ತಿಳಿಸಿದ್ದರು. ಆಪರೇಷನ್ ಆಗಿ ಎಚ್ಚರವಾದಾಗ ಶೈಲಾ ನೀರು ಕೇಳಲು ಬಾಯಿ ತೆರೆದಳು. ಬರಿಯ ಗಾಳಿ ಹೊರಬಂತು.

ವರ್ಷ ಕಳೆದರೂ ಅಷ್ಟೇ. ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರೆ ಮಾತ್ರ ಅವಳ ಮಾತು ತಿಳಿಯುತ್ತಿತ್ತು. ಚರ್ಚಿನಲ್ಲಿ ಹಾಡು ಎತ್ತಿಕೊಡಲು ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಬಂದಳು. ಒಂದು ಭಾನುವಾರ ಅವಳ ಹಾಡಿನ ನಡುವೆಯೇ ಶೈಲಾ ಎದ್ದು ಹೊರಗೆ ಬಂದು, ಆಟೋದಲ್ಲಿ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಂದಿನಿಂದ ಚರ್ಚಿಗೆ ಹೋಗಲಿಲ್ಲ. ಮನೆಯಲ್ಲಿ ಪ್ರಾರ್ಥನೆಯನ್ನೂ ಬಿಟ್ಟಳು. ಪಾಸ್ಟರ್ ಎರಡು ಸಲ ಬಂದು ಹೋದರು. ಅವಳು ಚಹಾ ಮಾಡಿ ಕೊಟ್ಟಳೇ ಹೊರತು ಎದುರಿಗೆ ಕೂರಲಿಲ್ಲ.

ಅದೇ ಓಣಿಯಲ್ಲಿ ಮಗ್ಗಕ್ಕೆ ನೂಲು ಸುತ್ತಿ ಬಾಳಿದ ದಿಲಶಾದಬಿ ಇದ್ದಳು. ಗರ್ಭಕೋಶದ ಕ್ಯಾನ್ಸರು ಬಲಿತು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳಿಸಿದ್ದರು. ಅವಳ ಮಗ ಮುರ್ತುಜಾ ಒಂದು ದಿನ ಶೈಲಾಳ ಬಾಗಿಲಿಗೆ ಬಂದ.

"ಅಕ್ಕಾರ, ಮಧ್ಯಾಹ್ನ ಮನ್ಯಾಗ ಯಾರೂ ಇರೂದಿಲ್ರಿ. ಒಂದ್ತಾಸು ಅಮ್ಮಾನ ಹಂತ್ಯಾಕ ಕುಂತ್ರ ನಾ ಕೆಲಸಕ್ಕ ಹೋಗಿ ಬರ್ತೀನಿ."

ಶೈಲಾಗೆ ಮನಸ್ಸಿರಲಿಲ್ಲ. ಇಲ್ಲವೆನ್ನುವುದಕ್ಕೂ ದನಿ ಬೇಕಲ್ಲ ಎಂದುಕೊಂಡು ಹೋದಳು.

ನೋಡಲು ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಏನೂ ಆಗೂದಿಲ್ಲ, ಆರಾಮ ಆಗ್ತಿ. ಶೈಲಾಗೆ ಹೇಳಲಿಕ್ಕೆ ಆಗುತ್ತಿರಲಿಲ್ಲ, ಅದಕ್ಕೆ ಸುಮ್ಮನೆ ಕೂರುತ್ತಿದ್ದಳು. ತುಟಿ ಒಣಗಿದಾಗ ಹತ್ತಿ ಅದ್ದಿ ಒರೆಸುತ್ತಿದ್ದಳು. ಒಂದು ಮಧ್ಯಾಹ್ನ ದಿಲಶಾದಬಿ ಅವಳ ಮುಖವನ್ನೇ ಬಹಳ ಹೊತ್ತು ನೋಡಿ ಕೇಳಿದಳು.

"ಶೈಲಾ, ನಾ ಸಾಯಾಕತ್ತೀನಿ ಅನ್ನೂದು ನಿನಗ ಗೊತ್ತೈತಿಲ್ಲ?"

ಶೈಲಾ ಹೌದೆಂದು ತಲೆಯಾಡಿಸಿದಳು. ದಿಲಶಾದಬಿ ಗೋಡೆಗೆ ಮುಖ ಮಾಡಿ ಅತ್ತಳು. ಆಮೇಲೆ ಈ ಕಡೆ ಹೊರಳಿ, ಯಾರಿಗೂ ಹೇಳದಿದ್ದದ್ದನ್ನು ಹೇಳತೊಡಗಿದಳು. ಹಿರಿಮಗಳು ಫಕೀರಬಿ ಬೇರೆ ಜಾತಿಯ ಹುಡುಗನ ಜೊತೆ ಹೋಗಿ ಮದುವೆಯಾಗಿದ್ದಳು. ಮರುವರ್ಷ ಹೊಟ್ಟೆಯಲ್ಲಿ ಕೂಸು ಹೊತ್ತು ತವರಿಗೆ ಬಂದಾಗ ತನ್ನ ಗಂಡನಿಗೆ ಅಂಜಿ ದಿಲಶಾದಬಿ ಬಾಗಿಲು ತೆರೆದಿರಲಿಲ್ಲ. ಅವನು ಸತ್ತ ಮೇಲೂ ಅವಳನ್ನು ಕರೆಯಲು ಮುಖವಿರಲಿಲ್ಲ. ಮಗಳು ಈಗ ಮುಂಡರಗಿಯಲ್ಲಿ ಇದ್ದಾಳಂತೆ, ಬಟ್ಟೆ ಹೊಲಿಯುತ್ತಾಳಂತೆ.

"ಒಂದ ಸಲ ಆಕಿನ್ನ ನೋಡಬೇಕವ್ವಾ" ಅಂದಳು.

ಮರುದಿನ ಶೈಲಾ ಲೋಹಿತನ ಆಟೋದಲ್ಲಿ ಮುಂಡರಗಿಗೆ ಹೋದಳು. ಫಕೀರಬಿ ಹೊಲಿಗೆ ಮಷೀನಿನ ಮುಂದೆ ಇದ್ದಳು. ಶೈಲಾಳ ಪಿಸುಮಾತು ಕೇಳಿಸದೆ ಎದ್ದು ಬಂದು ಕಿವಿ ಕೊಟ್ಟಳು. ಕೇಳುತ್ತ ಕೇಳುತ್ತ ಅವಳ ಮುಖ ಬಿಗಿಯಿತು.

"ಆವತ್ತು ನಾ ಹೊಸ್ತಿಲದಾಗ ಸಂಜೀತನಕ ನಿಂತಿದ್ನಿರಿ. ಒಳಗ ಅಮ್ಮ ಅಳೂದು ಕೇಳಸ್ತಿತ್ತು. ಆದ್ರೂ ಕದಾ ತಗೀಲಿಲ್ಲ. ನಾ ಬರೂದಿಲ್ಲ."

ಶೈಲಾ ಅವಳ ಕೈ ಹಿಡಿದಳು. ಫಕೀರಬಿ ಕೈ ಬಿಡಿಸಿಕೊಂಡು ಮಷೀನಿನ ಮುಂದೆ ಕೂತಳು.

ವಾಪಸು ಬರುವಾಗ ಲೋಹಿತ, "ನಾಳಿ ಬರ್ತಾಳ ಅಂತ ಹೇಳಿಬಿಡು. ಮುದುಕಿ ಜೀವಕ್ಕ ಸಮಾಧಾನ" ಅಂದ. ಶೈಲಾಗೂ ಹಾಗೇ ಅನಿಸಿತ್ತು. ಆದರೆ ಹೊರಸಿನ ಪಕ್ಕ ಕೂತ ಅವಳನ್ನು ದಿಲಶಾದಬಿ "ಬರ್ತಾಳೇನು?" ಎಂದು ಕೇಳಿದಾಗ ಸುಳ್ಳು ಹೇಳಲು ಶೈಲಾಳಿಂದ ಆಗಲಿಲ್ಲ. ಇಲ್ಲವೆಂದು ತಲೆಯಾಡಿಸಿದಳು.

ದಿಲಶಾದಬಿ ಕಣ್ಣು ಮುಚ್ಚಿಕೊಂಡಳು. "ಖರೆ ಹೇಳಿದಿ" ಅಂದಳು. "ಆಕಿ ಸಿಟ್ಟು ಬರೋಬ್ಬರಿ ಐತಿ, ತಪ್ಪು ನಂದ. ನೀ ಏಳಬ್ಯಾಡ, ಇಲ್ಲೇ ಕುಂಡ್ರು."

ಶೈಲಾ ಕತ್ತಲಾಗುವವರೆಗೂ ಕೂತಳು. ಆ ವಾರವೇ ದಿಲಶಾದಬಿ ತೀರಿಕೊಂಡಳು. ಉಸಿರು ನಿಂತಾಗ ಅವಳ ಬೆರಳುಗಳು ಶೈಲಾಳ ಅಂಗೈಯಲ್ಲಿದ್ದವು.

ಮಣ್ಣಾದ ಮರುದಿನ ಫಕೀರಬಿ ಬಂದಳು. ತವರಿನ ಮನೆಗೆ ಹೋಗದೆ ನೇರ ಶೈಲಾಳ ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕುಸಿದಳು. "ಕಡೀಕ ಏನಂದ್ಲು ಹೇಳ್ರಿ" ಎಂದು ತನ್ನ ಕಿವಿಯನ್ನು ಶೈಲಾಳ ಬಾಯಿಗೆ ಹಚ್ಚಿದಳು. ಆಕಿ ಸಿಟ್ಟು ಬರೋಬ್ಬರಿ ಐತಿ ಎಂಬ ಮಾತನ್ನು ಶೈಲಾ ಹೇಳಿದಾಗ, ಫಕೀರಬಿ ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಶೈಲಾ ಕೂಡ ಅತ್ತಳು. ಸಂಜೆ ಇಬ್ಬರೂ ಕೂಡಿ ಮುರ್ತುಜಾನ ಮನೆಗೆ ಹೋದರು.

ಶುಭ ಶುಕ್ರವಾರದ ಹಿಂದಿನ ಸಂಜೆ ಶೈಲಾ ಬಹಳ ದಿನಗಳ ಮೇಲೆ ಚರ್ಚಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ಯೇಸು ಹಿಡಿದುಕೊಡಲ್ಪಟ್ಟ ರಾತ್ರಿಯ ಭಾಗವನ್ನು ಪಾಸ್ಟರ್ ಓದುತ್ತಿದ್ದರು. ಚಿಕ್ಕಂದಿನಿಂದ ಕೇಳಿದ್ದೇ ಆದರೂ ಅಂದು ಅವಳಿಗೆ ಬೇರೆಯಾಗಿ ಕೇಳಿಸಿತು. ಸಾವಿನ ಭಯದಲ್ಲಿದ್ದ ಯೇಸು ತೋಟದಲ್ಲಿ ಗೆಳೆಯರ ಹತ್ತಿರ ಹಾಡು ಕೇಳಲಿಲ್ಲ, ಧೈರ್ಯದ ಮಾತು ಕೇಳಲಿಲ್ಲ. ತನ್ನ ಜೊತೆ ಸ್ವಲ್ಪ ಹೊತ್ತು ಎಚ್ಚರವಿರಿ ಎಂದಷ್ಟೇ ಕೇಳಿದ. ಅವರು ನಿದ್ದೆ ಹೋದರು.

ಎಲ್ಲರೂ ಹೋದ ಮೇಲೆ ಅವಳು ಪಾಸ್ಟರ್ ಹತ್ತಿರ ಹೋಗಿ ಪಿಸುಗುಟ್ಟಿದಳು.

"ನನ್ನ ದನಿ ಯಾಕ ಹೋತು ಅಂತ ನನಗ ಇನ್ನೂ ಗೊತ್ತಿಲ್ರಿ. ಆದ್ರ ಎಚ್ಚರ ಇರಾಕ ನನಗ ಆಗ್ತೈತಿ. ಸಾಯೂವ್ರು ಯಾರಿಗಾದ್ರೂ ಜೋಡಿ ಬೇಕಾದ್ರ ಹೇಳ್ರಿ. ಯಾವ ದೇವರಿಗೆ ಕೈ ಮುಗಿಯೂವ್ರಾದ್ರೂ ಹೋಗ್ತೀನಿ."

ಪಾಸ್ಟರ್ ಅವಳ ತಲೆಯ ಮೇಲೆ ಕೈಯಿಟ್ಟರು.

ಈಗ ಜನ ತಾವಾಗಿಯೇ ಹೇಳಿಕಳಿಸುತ್ತಾರೆ. ಶಿರಹಟ್ಟಿಗೆ ಹೋಗಿದ್ದಾಳೆ, ಶಿಗ್ಲಿಗೆ ಹೋಗಿದ್ದಾಳೆ. ಅವಳು ಹೋದದ್ದಕ್ಕೆ ಯಾರೂ ಬದುಕಿಲ್ಲ. ಒಂದೊಂದು ಸಾವಿನ ಮನೆಯಿಂದ ಬಂದಾಗಲೂ ಎರಡು ದಿನ ಅನ್ನ ಸೇರುವುದಿಲ್ಲ. ಭಾನುವಾರ ಹಾಡು ಶುರುವಾದರೆ ಈಗಲೂ ಕಣ್ಣು ತುಂಬುತ್ತದೆ. ಆದರೆ ಎದ್ದು ಹೋಗುವುದಿಲ್ಲ.

ಕಳೆದ ವಾರ ಅಡರಕಟ್ಟಿಯಿಂದ ಕರೆ ಬಂತು. ಅಲ್ಲಿ ಸಾವಕ್ಕನೆಂಬ ಮುದುಕಿ ಉಣ್ಣುವುದನ್ನು ಬಿಟ್ಟು ಯಾರ ಜೊತೆಗೂ ಮಾತಾಡದೆ ಮಲಗಿದ್ದಳು. ಶೈಲಾ ಲಕ್ಷ್ಮೇಶ್ವರದಲ್ಲಿ ಬಸ್ಸು ಬದಲಿಸಿ ಹೋದಳು. ಸೊಸೆ ಒಳಗೆ ಕರೆದೊಯ್ದು, "ಅತ್ತಿ, ಬೆಟಗೇರಿಯಿಂದ ಬಂದಾರ ನೋಡ್ರಿ" ಅಂದಳು. ಸಾವಕ್ಕ ಕಣ್ಣು ತೆರೆದು ನೋಡಿದಳು. ಆಮೇಲೆ ಕಾಲು ಮಡಚಿಕೊಂಡು, ಹೊರಸಿನ ಮೇಲೆ ಅವಳಿಗೆ ಕೂರಲು ಜಾಗ ಮಾಡಿದಳು.